ಪುಟ್ಟ ರೈಲು ಮತ್ತು ಭೋಗೋಪಭೋಗ ಪರಿಮಾಣ

ಬಾಲ್ಯದಲ್ಲಿ ಬಿಟ್ಟ ಆಟವನ್ನು ಅರವತ್ತರ ವಯಸ್ಸಿನಲ್ಲಿ ಮರಳಿ ಕೈಗೆತ್ತಿಕೊಳ್ಳುವುದು ಶ್ರಾವಕನಿಗೆ ಸಲ್ಲುವುದೇ? ಮೇಲ್ನೋಟಕ್ಕೆ ಇದು ಕ್ಷುಲ್ಲಕ ಪ್ರಶ್ನೆ. ಆದರೆ ವ್ಯವಹಾರವನ್ನು ಮಕ್ಕಳಿಗೊಪ್ಪಿಸಿ ಬಿಡುವು ಪಡೆದ ಹಿರಿಯರು ನಮ್ಮ ಮನೆಮನೆಗಳಲ್ಲಿದ್ದಾರೆ. ಉಳಿದ ಆಯುಷ್ಯವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬುದು ಅವರೆಲ್ಲರ ಪ್ರಶ್ನೆ. ಆದುದರಿಂದ ಒಂದು ನಿದರ್ಶನವನ್ನು ಹಿಡಿದು ವಿಚಾರಿಸುವುದು ಉಚಿತ.

ಇಂಗ್ಲೆಂಡಿನಲ್ಲಿ ಮಾದರಿ ರೈಲಿನ ಹವ್ಯಾಸ ಬಹು ಪ್ರಸಿದ್ಧವಾದುದು. ಫ್ರಾಂಕ್ ಹಾರ್ನ್‌ಬಿಯವರ ಲಿವರ್‌ಪೂಲಿನ ಮೆಕ್ಯಾನೋ ಸಂಸ್ಥೆ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನೂ 1938ರಲ್ಲಿ ಅದಕ್ಕಿಂತ ಚಿಕ್ಕ ಅಳತೆಯ ಹಾರ್ನ್‌ಬಿ ಡಬ್ಲೋ ರೈಲನ್ನೂ ಮಾರುಕಟ್ಟೆಗೆ ತಂದಿತು. ನಿಜವಾದ ರೈಲಿನ ಒಂದು ಅಡಿ ಈ ಅಳತೆಯಲ್ಲಿ 4 ಮಿಲಿಮೀಟರ್ ಆಗುತ್ತದೆ. ಬಾಲಕರಾಗಿದ್ದಾಗ ಇಂಥ ರೈಲನ್ನು ಓಡಿಸಿದವರು ವಿದ್ಯಾಭ್ಯಾಸ, ಉದ್ಯೋಗ, ಸಂಸಾರಗಳ ಭರದಲ್ಲಿ ಅದನ್ನು ಅಟ್ಟಕ್ಕೇರಿಸುತ್ತಾರೆ. ನಿವೃತ್ತಿಯ ಹೊತ್ತಿಗೆ ಅನೇಕರು ಮತ್ತೆ ಕೆಳಗಿಳಿಸುತ್ತಾರೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತವೆಂದು ವಿಧಿಸಿದ್ದಾರೆ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ವಸ್ತ್ರದಂತೆ ಪುನಃ ಪುನಃ ಅನುಭವಿಸುವುದು ಉಪಭೋಗ. ಪುಟ್ಟ ರೈಲು ಉಪಭೋಗಕ್ಕೆ ಸೇರುತ್ತದೆ. ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೂರು ನಮ್ಮ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತವೆ. ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ನೆನೆಯುವುದು ಅನುಸ್ಮೃತಿ, ಈಗಿನ ಸುಖದಲ್ಲಿ ಅತಿಯಾದ ಆಸಕ್ತಿ ಅತಿಲೌಲ್ಯ, ಮುಂದಿನದಕ್ಕಾಗಿ ಹಂಬಲಿಸುವುದು ಅತಿತೃಷೆ. ಭೂತ, ವರ್ತಮಾನ, ಭವಿಷ್ಯತ್ತುಗಳಲ್ಲಿ ಒಂದನ್ನೂ ಆಚಾರ್ಯರು ಬಿಟ್ಟಿಲ್ಲ.

ಹಾಗಾದರೆ ಹಳೆಯ ಆಟಕ್ಕೆ ಮರಳುವುದೇ ಅನುಸ್ಮೃತಿಯಲ್ಲವೇ ಎಂಬ ಆಕ್ಷೇಪ ಬರುತ್ತದೆ. ಇದು ಬಲವಾದ ಆಕ್ಷೇಪ. ಕಳೆದುಹೋದ ಬಾಲ್ಯವನ್ನು ಹಣ ಕೊಟ್ಟು ಕೊಳ್ಳಬಯಸುವವನಿಗೆ ಅದು ಸಂಪೂರ್ಣವಾಗಿ ಅನ್ವಯಿಸುತ್ತದೆ. ಸಂಗ್ರಾಹಕರಲ್ಲಿ ಮೂಲ ಪೆಟ್ಟಿಗೆ ಕೆಡದಿರುವ ಹಳೆಯ ಎಂಜಿನ್ನಿಗೆ ಬೆಲೆ ಹೆಚ್ಚು. ಆದುದರಿಂದ ಕೆಲವರು ಕೊಂಡದ್ದನ್ನು ಹೊರಗೆ ತೆಗೆಯುವುದೇ ಇಲ್ಲ. ಓಡದ ರೈಲು, ಆಡದ ಆಟ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂಬ ಉಮಾಸ್ವಾಮಿಗಳ ನಿರ್ಣಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ?

ಆದರೆ ಬೇರೊಂದು ಬಗೆಯೂ ಉಂಟು. 1925ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬವರು, ಹುಲ್ಲು ಹೊದಿಸಿದ ಹಳೆಯ ಮನೆಗಳು ಹಳ್ಳಿಗಳಿಂದ ಮರೆಯಾಗುತ್ತಿರುವುದನ್ನು ಕಂಡು, ಅವುಗಳನ್ನು ಅದೇ ಪುಟ್ಟ ಅಳತೆಯಲ್ಲಿ ನಿರ್ಮಿಸತೊಡಗಿದರು. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಅವರು ನೆಲೆಗೊಳಿಸಿದ ಪೆಂಡನ್ ವಸ್ತುಸಂಗ್ರಹಾಲಯ ಇಂದು ಸಾರ್ವಜನಿಕ ಟ್ರಸ್ಟ್ ಆಗಿದೆ. ಸ್ವಯಂಸೇವಕರು ಆ ಕೆಲಸವನ್ನು ಮುಂದುವರಿಸಿದ್ದಾರೆ. ಇಲ್ಲಿಯೂ ಇರುವುದು ನೆನಪೇ. ಆದರೆ ಅದು 'ನನ್ನದು' ಎಂಬಲ್ಲಿ ನಿಲ್ಲದೆ ಎಲ್ಲರದೂ ಆಯಿತು.

ದೊಡ್ಡದನ್ನು ಕಿರಿದಾಗಿಸಿ ಕಾಣಿಸುವುದು ನಮಗೂ ಅಪರಿಚಿತವಲ್ಲ. ನಮ್ಮ ಬಸದಿಗಳಲ್ಲಿರುವ ನಂದೀಶ್ವರ ಪ್ರತಿಕೃತಿಯು ನಾವು ಹೋಗಲಾಗದ ದ್ವೀಪದ 52 ಜಿನಾಲಯಗಳನ್ನು ಕಣ್ಣೆದುರಿಗೆ ತರುತ್ತದೆ. ಅದು ಆರಾಧನೆಯ ವಸ್ತು, ರೈಲು ಆಟದ ವಸ್ತು. ಇವೆರಡನ್ನು ಸಮನಾಗಿ ತೂಗಲಾಗದು. ಆದರೂ ಪ್ರತಿಕೃತಿಯು ನೋಡುವವನ ದೃಷ್ಟಿಯನ್ನು ತನ್ನಿಂದಾಚೆಗೆ ಒಯ್ಯಬೇಕು ಎಂಬ ಪಾಠವನ್ನು ಅದರಿಂದ ಕಲಿಯಬಹುದು.

ಆದುದರಿಂದ ಈ ಹವ್ಯಾಸ ಗೃಹಸ್ಥನಿಗೆ ನಿಷಿದ್ಧವಲ್ಲ, ಪ್ರಶಂಸನೀಯವೆಂದೂ ಹೇಳಲಾರೆ. ರತಿಯು ಹದಿನಾಲ್ಕು ಅಭ್ಯಂತರ ಪರಿಗ್ರಹಗಳಲ್ಲೊಂದು ಎಂಬುದನ್ನು ಮರೆಯಲಾಗದು. ಯಮವೆಂದರೆ ಯಾವಜ್ಜೀವದ ತ್ಯಾಗ, ನಿಯಮವೆಂದರೆ ಕಾಲಮಿತಿಯುಳ್ಳ ತ್ಯಾಗ. ಯಮಕ್ಕೆ ಸಿದ್ಧನಿಲ್ಲದವನು ನಿಯಮದಿಂದ ಆರಂಭಿಸಲಿ. ಸ್ಥಳಕ್ಕೆ ಒಂದು ಮೇಜು, ವೆಚ್ಚಕ್ಕೆ ವರ್ಷಕ್ಕೊಂದು ಮೊತ್ತ ಎಂದು ಗೊತ್ತುಮಾಡಲಿ. ಸಾಮಾಯಿಕ, ಸ್ವಾಧ್ಯಾಯಗಳ ವೇಳೆಯನ್ನು ಅದು ಮುಟ್ಟದಿರಲಿ. ವರ್ತಕನು ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಂತೆ, ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ ತನ್ನಲ್ಲಿರುವುದನ್ನು ಎಣಿಸಿ, ಮಿತಿಗೆ ಮೀರಿದುದನ್ನು ಆಡುವ ಮಕ್ಕಳಿಗೆ ಕೊಟ್ಟುಬಿಡಲಿ. ಕೊಡುವಾಗ ಕೈ ಹಿಂಜರಿದರೆ ಮೂರ್ಛೆ ಎಷ್ಟಿದೆಯೆಂಬುದು ತಿಳಿಯುತ್ತದೆ. ಸಲ್ಲೇಖನೆಯ ಕಾಲದಲ್ಲಿ ಎಲ್ಲವನ್ನೂ ಬಿಡಬೇಕಾದ ಜೀವನು ಚಿಕ್ಕದೊಂದನ್ನು ಬಿಡುವ ಅಭ್ಯಾಸವನ್ನು ಇಂದೇ ಮಾಡಿಕೊಳ್ಳುವುದು ಶ್ರೇಯಸ್ಕರ.