ಸಾಕೆಂಬ ಅರಿವು

ವಯಸ್ಸು ಏರಿದಂತೆ ಮನುಷ್ಯನಿಗೆ ಸಾಧನಗಳು ಹೆಚ್ಚಬೇಕೋ ತಗ್ಗಬೇಕೋ ಎಂಬುದು ಹಳೆಯ ಪ್ರಶ್ನೆ. ಅದು ಈಗ ಮೊಬೈಲಿನ ರೂಪದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಮಕ್ಕಳು ಪ್ರೀತಿಯಿಂದ ಸ್ಮಾರ್ಟ್‌ಫೋನನ್ನು ತಂದುಕೊಡುತ್ತಾರೆ. ಹಿರಿಯರು ಅದನ್ನು ಕಪಾಟಿನಲ್ಲಿರಿಸಿ ಹಳೆಯ ಬಟನ್ ಫೋನನ್ನೇ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಇದು ವಿವೇಕವೋ, ಹೊಸತರ ಭಯವೋ, ಬರಿಯ ಹಟವೋ? ಸದ್ಗೃಹಸ್ಥರು ವಿಚಾರಿಸತಕ್ಕ ವಿಷಯವಿದು.

1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಎಂಬ ಇಂಜಿನಿಯರರು ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ಮೊದಲ ಕರೆ ಮಾಡಿದಾಗ ಆ ಯಂತ್ರದ ಕೆಲಸ ಒಂದೇ ಆಗಿತ್ತು: ಮಾತನಾಡುವುದು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಗೆ ಮೊದಲ ಮೊಬೈಲ್ ಕರೆ ಮಾಡಿದರು. 2003ರಲ್ಲಿ ಬಂದ ನೋಕಿಯಾ 1100ರಲ್ಲಿ ಧೂಳು ಹೊಗದ ಗುಂಡಿಗಳೂ ಒಂದು ಟಾರ್ಚೂ ಇದ್ದವು. ಅಷ್ಟರಿಂದಲೇ ಅದು ಜಗತ್ತಿನಲ್ಲಿ ಇಪ್ಪತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಬಹುಜನರ ಅಗತ್ಯ ಎಷ್ಟು ಅಲ್ಪವೆಂಬುದಕ್ಕೆ ಇದೇ ಸಾಕ್ಷಿ.

ಹಿರಿಯರ ಒಲವಿಗೆ ದೇಹಧರ್ಮದ ಆಧಾರವೂ ಉಂಟು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರವು ಬಿರುಸಾಗುತ್ತ ಹೋಗಿ ಸಮೀಪದ ಸಣ್ಣಕ್ಷರ ಮಸುಕಾಗುತ್ತದೆ. ಬೆರಳಿನ ಚರ್ಮ ಒಣಗಿದರೆ ಗಾಜಿನ ಪರದೆಯು ಸ್ಪರ್ಶವನ್ನು ಸರಿಯಾಗಿ ಗ್ರಹಿಸದು. ಗುಂಡಿಯಾದರೋ ಒತ್ತಿದೊಡನೆ ಬೆರಳಿಗೆ ತಿಳಿಯುತ್ತದೆ. ಬಟನ್ ಫೋನಿನವರು ನಿಸ್ಸಹಾಯಕರೆಂಬುದೂ ಪೂರ್ತಿ ನಿಜವಲ್ಲ. ಆಪತ್ತಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ಸಹಾಯದ ಕರೆ ಹೋಗುವ ಏರ್ಪಾಡು 2017ರಿಂದ ಇಂಥ ಫೋನುಗಳಿಗೆ ಕಡ್ಡಾಯವಾಗಿದೆ. ಇಂಟರ್‌ನೆಟ್ಟಿಲ್ಲದೆ ಹಣ ಕಳುಹಿಸುವ ಯುಪಿಐ 123ಪೇ ವ್ಯವಸ್ಥೆಯು 2022ರ ಮಾರ್ಚಿನಲ್ಲಿ ಆರಂಭವಾಯಿತು.

ಇನ್ನು ಪೂರ್ವಪಕ್ಷವನ್ನು ಆಲಿಸೋಣ. ದೂರದೇಶದ ಮೊಮ್ಮಗುವಿನ ಮುಖ ಕಾಣುವುದು ಸ್ಮಾರ್ಟ್‌ಫೋನಿನಲ್ಲಿ. ಪಿಂಚಣಿದಾರರು ಮನೆಯಲ್ಲಿಯೇ ಕುಳಿತು ಮುಖ ತೋರಿಸಿ ಜೀವಿತ ಪ್ರಮಾಣಪತ್ರ ಸಲ್ಲಿಸುವುದೂ ಅದರಿಂದಲೇ. ಹೀಗಿರಲು, “ನನಗೆ ಅದೊಂದೂ ಬೇಡ” ಎಂದ ಅಜ್ಜನು ದಿನಕ್ಕೆ ಐದು ಬಾರಿ ಮೊಮ್ಮಗನನ್ನು ಕರೆದು, “ತಮ್ಮಾ, ನಿನ್ನ ಫೋನಿನಾಗ ನೋಡಿ ಹೇಳಪ್ಪಾ” ಎಂದರೆ ಅದು ಸರಳತೆಯೆನಿಸೀತೆ? ತನ್ನ ಹೆಗಲಿನಿಂದ ಇಳಿದ ಹೊರೆ ಮತ್ತೊಬ್ಬರ ಹೆಗಲೇರಿದರೆ ಹೊರೆ ಕಳೆದಂತಾಗಲಿಲ್ಲ. ಸರಳ ಫೋನಿದ್ದ ಮಾತ್ರಕ್ಕೆ ಮೋಸ ತಪ್ಪೀತೆಂಬ ನಂಬಿಕೆಯೂ ಸಲ್ಲದು. ಬ್ಯಾಂಕಿನವನೆಂದು ಹೇಳಿ ಗುಟ್ಟಿನ ಅಂಕಿ ಕೇಳುವ ವಂಚಕನ ಸವಿಮಾತು ಎರಡು ಫೋನಿನಲ್ಲಿಯೂ ಒಂದೇ ತೆರನಾಗಿ ಕೇಳಿಸುತ್ತದೆ.

ಆದ್ದರಿಂದ ಸಾಧನವು ಎಷ್ಟು ಸರಳವೆಂದು ಅಳೆದರೆ ಸಾಲದು. ಅದನ್ನು ಆಯ್ದವನ ಮನಸ್ಸನ್ನು ನೋಡಬೇಕು. ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಲಿ. ನಾನು ಬಿಟ್ಟದ್ದರ ಹಂಬಲ ನನ್ನಲ್ಲಿ ಉಳಿದಿದೆಯೆ? ನಾನು ಬಿಟ್ಟದ್ದರಿಂದ ಮನೆಯವರಿಗೆ ಹೊರೆಯಾಗಿದೆಯೆ? ಬಿಟ್ಟೆನೆಂಬ ಹೆಮ್ಮೆಯಿಂದ ಇಟ್ಟುಕೊಂಡವರನ್ನು ಹಳಿಯುತ್ತಿದ್ದೇನೆಯೆ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಪುಟ್ಟ ಫೋನು ವಿವೇಕದ ಗುರುತು. ಒಂದಕ್ಕಾದರೂ ಹೌದೆಂದು ಬಂದರೆ ಹೊಸದನ್ನು ಸ್ವಲ್ಪ ಕಲಿಯುವುದೇ ಧರ್ಮ; ಕಲಿಕೆಗೆ ವಯಸ್ಸಿನ ಎಲ್ಲೆಯಿಲ್ಲ.

ಕಿರಿಯರಿಗೂ ಒಂದು ಮಾತು. ಕೊಡುವವನ ಸಂತೋಷಕ್ಕಾಗಿ ಕೊಟ್ಟದ್ದು ಅರ್ಧ ಕೊಡುಗೆ. ಪಡೆಯುವವನ ಅಗತ್ಯವರಿತು ಕೊಟ್ಟದ್ದು ಪೂರ್ಣ. ತಂದೆತಾಯಿಗಳಿಗೆ ಬೇಕಾದುದು ನಿಮ್ಮ ಧ್ವನಿಯಾಗಿದ್ದರೆ ಬೆಲೆಬಾಳುವ ಯಂತ್ರವು ಅದರ ಸ್ಥಾನವನ್ನು ತುಂಬಲಾರದು. ಸಣ್ಣ ಫೋನೇ ಇರಲಿ, ಅದು ದಿನಕ್ಕೊಮ್ಮೆ ತಪ್ಪದೆ ಮೊಳಗಲಿ. ಹಿರಿಯರು ಸಾಕೆಂಬುದನ್ನು ಅರಿಯಲಿ, ಕಿರಿಯರು ಬೇಕಾದುದನ್ನು ಅರಿಯಲಿ; ಈ ಎರಡು ಅರಿವು ಕೂಡಿದ ಮನೆಯೇ ಸುಖದ ನೆಲೆ.