ಮಂಗಳವಾರ ನೋಡಿದ್ದು, ಭಾನುವಾರ ಹೇಳಿದ್ದು

ನಮ್ಮ ಎಲ್‌ಐಸಿ ಅಕ್ಕನ ಮನೆ ವರಾಂಡದಲ್ಲಿ ಒಂದು ತೂಕದ ಮಷೀನ್ ಇದೆ. ಗಾಜಿನದು. ಹತ್ತಿ ನಿಂತರೆ ಎರಡು ಸೆಕೆಂಡು ಯೋಚನೆ ಮಾಡಿ, ಆಮೇಲೆ ಕೆಂಪಗೆ ಅಂಕಿ ತೋರಿಸುತ್ತೆ. ಸುಮಾರು ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬಂದು, ನಾವು ಐದು ಜನ ಹೆಂಗಸರು ಚಪ್ಪಲಿ ಬಿಟ್ಟು, ಮೊಬೈಲ್ ಪಕ್ಕಕ್ಕಿಟ್ಟು ಅದರ ಮೇಲೆ ಹತ್ತುತ್ತಿದ್ದೆವು. ಕೊನೇ ಕ್ರಾಸಿನ ಆಂಟಿಯಂತೂ ಬಳೆ, ವಾಚು, ಕೂದಲಿನ ಕ್ಲಿಪ್ಪು ಎಲ್ಲ ತೆಗೆದಿಡುತ್ತಿದ್ದರು. ಒಬ್ಬರು ಅಂಕಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೀಬೇಕು. ಅದಾದ ಮೇಲೆ ಆ ವಾರ ತಿನ್ನಬಾರದ್ದು ಏನು ತಿಂದೆ ಅಂತ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಇದು ಯಾರೋ ಹೇರಿದ ನಿಯಮ ಅಲ್ಲ. ನಾವೇ ಮಾಡಿಕೊಂಡದ್ದು.

ನಾನು ಸೇರಿದ್ದು ಚಂದ ಕಾಣೋಕೆ ಅಲ್ಲ. ನಲವತ್ತಾರಕ್ಕೆ ಆ ಆಸೆ ಪೂರ್ತಿ ಹೋಗಿರುತ್ತೆ ಅಂತೇನೂ ಹೇಳಲ್ಲ, ಆದರೆ ಕಾರಣ ಅದಾಗಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟಿನಲ್ಲಿ 6.2 ಅಂತ ಬಂದಿತ್ತು. 6.5 ಮುಟ್ಟಿದರೆ ಡಯಾಬಿಟೀಸ್. ಐದಡಿ ಒಂದಿಂಚಿನ ನನಗೆ 70 ಕೆಜಿ ತೂಕ. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತಲ್ಲ, ಅದನ್ನು ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆ. ಮಡಚಿಡಲಾಗದ್ದು ಅಪ್ಪನ ಕಾಲು. ಅದರ ಹುಣ್ಣಿಗೆ ಹನ್ನೊಂದು ತಿಂಗಳು ಡ್ರೆಸ್ಸಿಂಗ್ ಮಾಡಿದವಳು ನಾನು. ಕೊನೆಗೆ ಎರಡು ಬೆರಳು ತೆಗೆದರು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ಗಾದೆ. ಹೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಕಡೆ ಊಟ ಯಾವತ್ತು ತನ್ನಿಚ್ಛೆ ಆಗಿತ್ತು, ಹೇಳಿ? ಮದುವೆ ಮನೆಯಲ್ಲಿ ಎಲೆಗೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಒಬ್ಬಟ್ಟು ಜಾರಿಸುತ್ತಾರೆ. ಬೇಡ ಅಂದರೆ ‘ನಮ್ಮನೇದು ಸೇರಲ್ವಾ?’ ಅಂತಾರೆ. ಬಡಿಸಿದ ಅದೇ ಅತ್ತಿಗೆ ಕೈ ತೊಳೆಯುವ ಜಾಗದಲ್ಲಿ ಮೇಲಿಂದ ಕೆಳಗೆ ನೋಡಿ, ‘ಯಾಕೆ ಇಷ್ಟು ಊದಿಕೊಂಡಿದೀಯ, ಥೈರಾಯ್ಡಾ?’ ಅಂತ ಕೇಳುತ್ತಾರೆ. ಅಂದರೆ ತಿನ್ನಿಸೋದೂ ಊರೇ, ದಪ್ಪ ಆಗಿದೀಯ ಅನ್ನೋದೂ ಊರೇ. ಇಂಥ ಕಡೆ ‘ನನ್ನ ತಟ್ಟೆ ನನ್ನ ಇಷ್ಟ’ ಅಂತ ಒಬ್ಬಳೇ ಹಟ ಹಿಡಿದು ಕೂರುವುದಕ್ಕಿಂತ, ಜೊತೆಗೆ ನಾಲ್ಕು ಜನರನ್ನು ಕಟ್ಟಿಕೊಳ್ಳೋದೇ ವಾಸಿ ಅನ್ನಿಸಿತ್ತು.

ಈ ಉಪಾಯ ಹೊಸದೇನಲ್ಲ. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದ ಜೀನ್ ನೈಡೆಚ್ ಅನ್ನುವ ಗೃಹಿಣಿ ಆರು ಜನ ಗೆಳತಿಯರನ್ನು ಮನೆಗೆ ಕರೆದಳು. ಅವಳ ತೂಕ ಆಗ ನೂರು ಕೆಜಿಯ ಹತ್ತಿರ ಹೋಗಿತ್ತು. ಒಂದು ಕ್ಲಿನಿಕ್ಕಿಗೆ ಹೋಗಿ ಸ್ವಲ್ಪ ಇಳಿದಿದ್ದಳು. ಆದರೆ ರಾತ್ರಿ ಕದ್ದು ಬಿಸ್ಕತ್ತು ತಿನ್ನುತ್ತಿದ್ದದ್ದನ್ನು ಕ್ಲಿನಿಕ್ಕಿನವರ ಮುಂದೆ ಒಪ್ಪಿಕೊಳ್ಳೋಕೆ ಆಗಿರಲಿಲ್ಲ. ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಅಡಗಿಸಿಡುತ್ತಿದ್ದಳಂತೆ. ಅದನ್ನು ಗೆಳತಿಯರ ಮುಂದೆ ಹೇಳಿದಳು. ಅವರೂ ತಮ್ಮ ತಮ್ಮ ಅಡಗುತಾಣಗಳನ್ನು ಹೇಳಿದರು. ಎರಡು ವರ್ಷದಲ್ಲಿ ಅದು ವೇಟ್ ವಾಚರ್ಸ್ ಅನ್ನುವ ಕಂಪನಿ ಆಯಿತು, 1978ರಲ್ಲಿ ಕೆಚಪ್ ಮಾಡುವ ಹೈಂಜ್ ಅದನ್ನು ಕೊಂಡುಕೊಂಡಿತು. ವ್ಯಾಪಾರದ ಕಥೆ ಬಿಡಿ. ಅಲ್ಲಿ ಗಮನಿಸಬೇಕಾದ್ದು ಮೊದಲ ದಿನ. ಬಿಸ್ಕತ್ತಿನ ವಿಷಯ ಎತ್ತಿದ್ದು ಬಿಸ್ಕತ್ತು ತಿಂದವಳೇ. ಬುಟ್ಟಿಯ ಮುಚ್ಚಳ ತೆಗೆದದ್ದು ಅವಳ ಕೈಯೇ. ಇದು ನನಗೆ ಹೊಳೆದದ್ದು ತಡವಾಗಿ.

ನಮ್ಮ ಐವರಲ್ಲಿ ಒಬ್ಬರು ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಈಗ ರಿಟೈರು. ಒಂದು ಮಂಗಳವಾರ ಸಂಜೆ ಬ್ಯಾಂಕಿನಿಂದ ಬರ್ತಾ ದರ್ಶಿನಿಯೊಂದರಲ್ಲಿ ಕಾಫಿಗೆ ನಿಂತೆ. ಮೂಲೆಯ ಟೇಬಲ್ಲಿನಲ್ಲಿ ಟೀಚರ್ ಒಬ್ಬರೇ ಇದ್ದರು. ಮುಂದೆ ಮಸಾಲೆ ದೋಸೆ, ಪಕ್ಕದಲ್ಲಿ ಕೇಸರಿಬಾತ್. ಅವರು ನನ್ನನ್ನು ನೋಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಕಾಫಿ ಬೇಗ ಕುಡಿದು ಹೊರಟುಬಿಟ್ಟೆ.

ಭಾನುವಾರ ಅವರ ಸರದಿ ಬಂತು. ‘ಈ ವಾರ ಏನೂ ಇಲ್ಲಪ್ಪ, ಕಟ್ಟುನಿಟ್ಟು. ಮುದ್ದೆ, ಸೊಪ್ಪು, ಮಜ್ಜಿಗೆ’ ಅಂದರು. ನಾನು ನಗ್ತಾ, ‘ಕೇಸರಿಬಾತಿಗೆ ದ್ರಾಕ್ಷಿ ಗೋಡಂಬಿ ಸರಿಯಾಗಿ ಹಾಕಿದ್ರಾ ಟೀಚರ್?’ ಅಂದೆ.

ಎಲ್ಲರೂ ನಕ್ಕರು. ಟೀಚರೂ ನಕ್ಕರು. ಎಲ್‌ಐಸಿ ಅಕ್ಕ ಮಾಡಿದ್ದ ಗೋಧಿನುಚ್ಚಿನ ಉಪ್ಪಿಟ್ಟು ತಿಂದು, ತಟ್ಟೆ ತೊಳೆದಿಟ್ಟು ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ.

ನಾನು ತಪ್ಪು ಮಾಡಿದೆನಾ? ಎರಡು ವಾರ ನನ್ನ ಪರವಾಗಿ ನಾನೇ ವಾದ ಮಾಡಿದೆ, ವಾದ ಗಟ್ಟಿಯಾಗೇ ಇತ್ತು. ನಿಜ ಹೇಳ್ತೀವಿ ಅಂತ ಮಾತು ಕೊಟ್ಟಿದ್ದೆವು, ಅವರು ಮುರಿದರು. ಅವರಿಗೂ ಸಕ್ಕರೆ ಇದೆ, ಮಾತ್ರೆ ತಗೋತಾರೆ. ಸುಮ್ಮನಿದ್ದರೆ ಅವರ ಕಾಯಿಲೆಗೆ ನಾನೂ ಒಂದು ಕೈ ಹಚ್ಚಿದ ಹಾಗೆ. ನಗ್ತಾ ಹೇಳಿದೆನೇ ಹೊರತು ಬೈಯಲಿಲ್ಲ. ಇಷ್ಟೆಲ್ಲ ಸರಿ ಇದ್ದರೂ ಕೆರೆ ಏರಿಯ ಮೇಲೆ ನಾಲ್ಕೇ ಜನ ನಡೀತಿರುವಾಗ ಎಲ್ಲೋ ಚುಚ್ಚುತ್ತಿತ್ತು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುವ ಗಾದೆಯ ಮೊದಲರ್ಧವನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದವಳು ನಾನೇ. ಎರಡನೇ ಅರ್ಧಕ್ಕೆ ಜಾಗ ಸಾಲಲಿಲ್ಲ.

ಆ ದಿನಗಳಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಉಪವಾಸದ ಪ್ರಯೋಗದ ಬಗ್ಗೆ ಓದಿದೆ. 1944ರ ನವೆಂಬರಿನಲ್ಲಿ ಶುರುವಾದದ್ದು. ಯುದ್ಧದಿಂದ ಹಸಿದ ಯೂರೋಪಿನ ಜನಕ್ಕೆ ಮತ್ತೆ ಹೇಗೆ ಉಣ್ಣಿಸಬೇಕು ಅಂತ ತಿಳಿಯೋಕೆ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಯುವಕರನ್ನು ಆರು ತಿಂಗಳ ಹತ್ತಿರ ಅರೆಹೊಟ್ಟೆಯಲ್ಲಿ ಇಟ್ಟ. (ಬಿಎಂಐ ಅನ್ನುವ ಹೆಸರನ್ನು 1972ರಲ್ಲಿ ಚಲಾವಣೆಗೆ ತಂದವನೂ ಇವನೇ. ಲೆಕ್ಕ ಮಾತ್ರ ಬೆಲ್ಜಿಯಂನ ಕೆಟ್ಲೆ ಎಂಬಾತನದು, ಅದೂ ಒಟ್ಟು ಜನಸಮೂಹದ ಅಳತೆಗೆ. ಒಬ್ಬೊಬ್ಬರನ್ನೇ ನಿಲ್ಲಿಸಿ ನಾಚಿಕೆ ಪಡಿಸೋಕಲ್ಲ.) ಆ ಯುವಕರು ಸಾಮಾನ್ಯರಲ್ಲ. ಕೊಲ್ಲುವುದು ಪಾಪ ಅಂತ ಯುದ್ಧಕ್ಕೆ ಹೋಗೋಕೆ ಒಪ್ಪದವರು, ಇಡೀ ದೇಶ ಹೇಡಿಗಳು ಅಂದರೂ ಕದಲದವರು. ಅಂಥವರಲ್ಲೂ ಕೆಲವರು ಊರೊಳಗೆ ಹೋಗಿ ಕದ್ದು ತಿಂದರು. ಆಗ ಕೀಸ್ ಒಂದು ನಿಯಮ ಮಾಡಿದ: ಯಾರೂ ಒಬ್ಬರೇ ಹೊರಗೆ ಹೋಗುವ ಹಾಗಿಲ್ಲ, ಜೊತೆಗೊಬ್ಬ ಜೋಡಿ ಇರಲೇಬೇಕು.

ಓದುತ್ತಿದ್ದ ನನಗೆ ಆ ಜೋಡಿ ಯಾರು ಅನ್ನಿಸಿತು. ಗೆಳೆಯನಾ, ಕಾವಲುಗಾರನಾ? ಅವನೂ ಹಸಿದವನೇ ತಾನೇ. ಪಕ್ಕದಲ್ಲಿ ನಡೆಯುವ ಹೆಜ್ಜೆ ಎರಡು ಸಂದರ್ಭದಲ್ಲೂ ಒಂದೇ ಥರ ಇರುತ್ತೆ. ವ್ಯತ್ಯಾಸ ಇರುವುದು ಬೇಕರಿಯ ಮುಂದೆ ನಿಂತಾಗ ಅವನು ಯಾರ ಕಡೆ ನೋಡುತ್ತಾನೆ, ನೋಡಿದ್ದನ್ನು ಯಾರಿಗೆ ಹೇಳುತ್ತಾನೆ ಅನ್ನುವುದರಲ್ಲಿ.

ಇನ್ನೊಂದು ಮಾತು. ಅಂಥ ಗಟ್ಟಿ ಮನಸ್ಸಿನವರೇ ಕದ್ದು ತಿಂದರು ಅಂದಮೇಲೆ ‘ಮನಸ್ಸು ಗಟ್ಟಿ ಮಾಡ್ಕೊಳ್ರೀ’ ಅನ್ನುವ ಮಾತಿಗೆ ಎಷ್ಟು ಬೆಲೆ? ಒಳ್ಳೇದು ಯಾವುದು ಅಂತ ಗೊತ್ತಿದ್ದೂ ಮನುಷ್ಯ ಯಾಕೆ ಬೇರೇದು ಮಾಡ್ತಾನೆ ಅಂತ ಅರಿಸ್ಟಾಟಲ್ ತಲೆ ಕೆಡಿಸಿಕೊಂಡಿದ್ದ. ಉದಾಹರಣೆಗೆ ಅವನು ತಗೊಂಡದ್ದೂ ಸಿಹಿಯನ್ನೇ! ಆಸೆಗೆ ಸೋತು ಆಮೇಲೆ ನೊಂದುಕೊಳ್ಳುವವನನ್ನೂ, ತಿನ್ನೋದೇ ಸರಿ ಅಂತ ತಿನ್ನುವವನನ್ನೂ ಅವನು ಬೇರೆ ಬೇರೆ ಇಡುತ್ತಾನೆ. ಟೀಚರ್ ಸುಳ್ಳು ಹೇಳಿದರಲ್ಲ, ಆ ಸುಳ್ಳೇ ಅವರು ನೊಂದುಕೊಂಡಿದ್ದರು ಅನ್ನೋದಕ್ಕೆ ಸಾಕ್ಷಿ ಅಂತ ನಾನು ಅಂದುಕೊಂಡೆ. ಹಾಗೆ ಅಂದುಕೊಂಡು ಸಮಾಧಾನ ಹೇಳೋಕೆ ಅವರ ಮನೆಗೆ ಹೋದೆ.

ಬಾಗಿಲು ತೆಗೆದರು. ಮಜ್ಜಿಗೆ ಕೊಟ್ಟರು. ‘ಅವತ್ತು ಏನಾದ್ರೂ ಬೇಜಾರಿತ್ತಾ ಟೀಚರ್? ಆಸ್ಪತ್ರೆಯಿಂದ ಬರ್ತಿದ್ರಾ?’ ಅಂತ ಕೇಳಿದೆ.

‘ಇಲ್ಲಮ್ಮ. ಆಸೆ ಆಯ್ತು, ತಿಂದೆ. ಚೆನ್ನಾಗಿತ್ತು.’

ನನ್ನ ಹತ್ತಿರ ಮುಂದಿನ ಮಾತು ಇರಲಿಲ್ಲ. ಕಾರಣ ಒಂದು ಸಿಕ್ಕಿದ್ದರೆ ಕ್ಷಮಿಸಿ ಬರೋಣ ಅಂತ ಹೋಗಿದ್ದೆ, ಸತ್ಯ. ಗಂಡನ ನೆನಪಾಯ್ತು, ಮಗ ಫೋನ್ ಮಾಡಲಿಲ್ಲ, ಹೀಗೆ ಏನಾದರೂ. ದುಃಖಕ್ಕೆ ತಿಂದರೆ ಮಾಫಿ, ಖುಷಿಗೆ ತಿಂದರೆ ಇಲ್ಲ ಅನ್ನುವ ಲೆಕ್ಕ ನನ್ನೊಳಗೆ ಎಲ್ಲಿಂದ ಬಂದು ಕೂತಿತ್ತೋ. ಅರಿಸ್ಟಾಟಲನ ಪಟ್ಟಿಯಲ್ಲೂ ಈ ಹೆಂಗಸಿಗೆ ಜಾಗ ಸಿಗೋದು ಕಷ್ಟ. ದಿನಾ ಮುದ್ದೆ ಸೊಪ್ಪು ತಿನ್ನೋರು, ಒಂದು ದಿನ ಕೇಸರಿಬಾತ್ ತಿಂದು, ಅದನ್ನು ನಮ್ಮಿಂದ ಮುಚ್ಚಿಟ್ಟೂ ಅದಕ್ಕಾಗಿ ನೊಂದುಕೊಳ್ಳದವರು.

ಆಮೇಲೆ ಅವರೇ ಹೇಳಿದರು. ‘ನೀವು ನೋಡಿದ್ದಕ್ಕೆ ನನಗೇನಿಲ್ಲ. ಎಲ್ಲರ ಮುಂದೆ ಹೇಳಿದ್ರಿ, ಹೋಗ್ಲಿ, ಸುಳ್ಳು ಹೇಳಿದವಳು ನಾನೇ. ಆದ್ರೆ ನೋಡಿದ್ದು ಮಂಗಳವಾರ ಅಲ್ವಾ? ಭಾನುವಾರದ ತನಕ ಇಟ್ಕೊಂಡಿದ್ರಲ್ಲ. ಬುಧವಾರ ಫೋನ್ ಮಾಡಿ ಮಾತಾಡಿದ್ರಿ, ಗ್ಯಾಸ್ ಸಿಲಿಂಡರ್ ಬಂತಾ ಅಂತ ಕೇಳಿದ್ರಿ. ಅವಾಗ್ಲೂ ಅದು ನಿಮ್ಮ ಬಾಯಲ್ಲೇ ಇತ್ತಲ್ವಾ?’

ಇತ್ತು. ಬರೀ ಇರಲಿಲ್ಲ, ಅದು ಇದೆ ಅಂತ ನನಗೆ ಒಳಗೊಳಗೇ ಖುಷಿಯೂ ಆಗಿತ್ತು. ಆ ವಾರ ನನ್ನ ತೂಕ ಇನ್ನೂರು ಗ್ರಾಂ ಏರಿದೆ ಅಂತ ಮನೆಯ ಮಷೀನಿನಲ್ಲಿ ಮೊದಲೇ ನೋಡಿಕೊಂಡಿದ್ದೆ. ಭಾನುವಾರ ಎಲ್ಲರೂ ನೋಡಬೇಕಾದದ್ದು ಬೇರೆಯವರನ್ನು ಆದರೆ ಒಳ್ಳೇದಿತ್ತು. ಕಾಳಜಿಯನ್ನು ಐದು ದಿನ ಬಚ್ಚಿಡೋಕಾಗಲ್ಲ. ಹಾಗೆ ಬಚ್ಚಿಡಬಹುದಾದದ್ದು ಬೇರೆ ಏನೋ.

ಕನ್ನಡದಲ್ಲಿ ‘ಹೇಳಿಕೊಳ್ಳೋದು’ ಅಂತ ಒಂದು ಮಾತಿದೆ, ‘ಹೇಳಿಬಿಡೋದು’ ಅಂತ ಇನ್ನೊಂದು. ಟೀಚರ್ ಒಪ್ಪಿಕೊಂಡದ್ದು ತನ್ನದನ್ನು ತಾನು ಹೇಳಿಕೊಳ್ಳೋಕೆ. ಹೇಳಿಕೊಳ್ಳೋದರಲ್ಲಿ ಇವತ್ತು ಬೇಡ, ಮುಂದಿನ ವಾರ ಹೇಳ್ತೀನಿ ಅನ್ನುವ ಅವಕಾಶವೂ ಸೇರಿದೆ. ಅವರ ತಟ್ಟೆಯ ಸುದ್ದಿಯನ್ನು ನಾನು ಹೇಳಿಬಿಡಬಹುದು ಅಂತ ಅವರು ಯಾವತ್ತೂ ಒಪ್ಪಿರಲಿಲ್ಲ. ಹಾಗಂತ ಏನು ಕಂಡರೂ ಬಾಯಿಮುಚ್ಚಿಕೊಂಡಿರಬೇಕು ಅಂತಲೂ ನಾನು ಹೇಳಲಾರೆ. ಸ್ನೇಹಿತರ ತೂಕ ಒಬ್ಬರಿಂದ ಒಬ್ಬರಿಗೆ ತಾಗುತ್ತೆ ಅಂತ ಕ್ರಿಸ್ಟಾಕಿಸ್ ಮತ್ತು ಫೌಲರ್ 2007ರಲ್ಲಿ ಬರೆದಿದ್ದರು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ 12,067 ಜನರ 32 ವರ್ಷದ ಲೆಕ್ಕ ಹಿಡಿದು, ಸ್ನೇಹಿತ ಸ್ಥೂಲಕಾಯನಾದರೆ ನಾವೂ ಆಗುವ ಸಾಧ್ಯತೆ ಶೇ. 57ರಷ್ಟು ಹೆಚ್ಚು ಅಂದರು. ಲೆಕ್ಕದ ರೀತಿಯ ಬಗ್ಗೆ ಆಮೇಲೆ ತಕರಾರುಗಳೂ ಬಂದವು. ಅದು ನಿಜವೇ ಆದರೂ ಏನು ಮಾಡಬೇಕು? ದಪ್ಪಗಿರುವ ಗೆಳತಿಯನ್ನು ಬಿಡಬೇಕಾ? ಒಬ್ಬರದು ಇನ್ನೊಬ್ಬರಿಗೆ ತಾಗುತ್ತೆ ಅನ್ನೋದು ಕಾವಲಿಗೆ ಲೈಸೆನ್ಸ್ ಅಲ್ಲ ಅಂತ ಈಗ ಅನ್ನಿಸುತ್ತೆ.

ನಮ್ಮ ಗುಂಪಿನಲ್ಲೂ ಇದು ಸುಲಭಕ್ಕೆ ಇತ್ಯರ್ಥವಾಗಲಿಲ್ಲ. ಮನೆಯಿಂದಲೇ ಕೆಲಸ ಮಾಡುವ ಐಟಿ ಹುಡುಗಿ, ‘ನೋಟ್‌ಬುಕ್ ಹರಿದು ಹಾಕೋಣ, ಸುಮ್ನೆ ವಾಕ್ ಮಾಡೋಣ’ ಅಂದಳು. ಎಲ್‌ಐಸಿ ಅಕ್ಕ ಸುತರಾಂ ಒಪ್ಪಲಿಲ್ಲ. ‘ನಾನು 82ರಿಂದ 74ಕ್ಕೆ ಬಂದಿರೋದು ನಿಮ್ಮ ಮುಂದೆ ನಂಬರ್ ಹೇಳ್ಬೇಕಲ್ಲಪ್ಪಾ ಅನ್ನೋ ನಾಚಿಕೆಯಿಂದಾನೇ ಕಣೇ. ನಿಮಗೆ ಬೇಡ ಅಂದ್ರೆ ಬಿಡಿ. ನನ್ನದನ್ನ ಬರೀರಿ, ಏರಿದ್ರೆ ಬೈಯ್ರಿ.’ ಅವರ ಮಂಡಿನೋವು ಅರ್ಧಕ್ಕರ್ಧ ಇಳಿದಿದೆ, ಅದನ್ನು ಹೇಗೆ ಅಲ್ಲಗಳೆಯೋದು? ಹಾಗಾಗಿ ಈಗ ನೋಟ್‌ಬುಕ್ಕಿನಲ್ಲಿ ಅಕ್ಕನದು, ಆಂಟಿಯದು ಎರಡೇ ಕಾಲಂ. ಅಕ್ಕನನ್ನು ಬೈತೀವಿ, ಆಂಟಿಯನ್ನು ಬೈಯಲ್ಲ. ಇದು ನ್ಯಾಯವಾ ಅಂತ ಯಾರಾದರೂ ಕೇಳಿದರೆ ಕೊಡೋಕೆ ಉತ್ತರ ಇಲ್ಲ. ಅವರವರು ಕೇಳಿದ್ದು ಅವರವರಿಗೆ, ಅಷ್ಟೇ.

ಟೀಚರ್ ಈಗ ಭಾನುವಾರ ಬರ್ತಾರೆ, ಮಷೀನ್ ಹತ್ತಲ್ಲ. ಹೋದ ತಿಂಗಳು ಕೆರೆಯ ಕಲ್ಲು ಬೆಂಚಿನ ಮೇಲೆ ಇಬ್ಬರೇ ಕೂತಿದ್ದಾಗ ನನ್ನದನ್ನು ನಾನು ಹೇಳಿಕೊಂಡೆ. ಒಂದು ವರ್ಷ ಪೂರ್ತಿ ಶನಿವಾರ ರಾತ್ರಿ ಊಟ ಬಿಟ್ಟು ಭಾನುವಾರ ಮಷೀನ್ ಹತ್ತುತ್ತಿದ್ದೆ. ನೋಟ್‌ಬುಕ್ಕಿನ ನನ್ನ ಕಾಲಂನಲ್ಲಿ ಇರುವ ಇಳಿಕೆಯಲ್ಲಿ ಅರ್ಧ ಬರೀ ಖಾಲಿಹೊಟ್ಟೆ.

‘ಗೊತ್ತಿತ್ತು’ ಅಂದರು ಟೀಚರ್. ‘ಭಾನುವಾರ ನೀವು ಉಪ್ಪಿಟ್ಟು ತಿನ್ನೋ ಸ್ಪೀಡ್ ನೋಡಿದ್ರೆ ಗೊತ್ತಾಗಲ್ವಾ? ಒಂದ್ಸಲ ಏರಿ ಮೇಲೆ ತಲೆ ಸುತ್ತಿ ಕೂತ್ರಲ್ಲ, ಅವತ್ತೇ ಗೊತ್ತಾಯ್ತು. ಬೆಲ್ಲದ ಚೂರು ಕೊಟ್ಟೆನಲ್ಲ.’

‘ಮತ್ತೆ ಹೇಳ್ಲೇ ಇಲ್ವಲ್ಲ ಟೀಚರ್ ನೀವು!’

‘ನೀವು ಹೇಳ್ತೀರಿ ಅಂತ ಇದ್ದೆ.’

ಆಗ ಅದು ದೊಡ್ಡತನ ಅನ್ನಿಸಿತು. ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ಸ್ವಲ್ಪ ಸಿಟ್ಟೂ ಬಂತು. ಒಂದು ವರ್ಷ ನಾನು ಉಪವಾಸ ಬೀಳೋದನ್ನು ನೋಡಿಕೊಂಡು ಸುಮ್ಮನಿದ್ದರಲ್ಲ ಈಯಮ್ಮ! ಅವತ್ತು ಏರಿಯಿಂದ ಕೆಳಗೆ ಉರುಳಿದ್ದರೆ? ಒಂದು ಶನಿವಾರ ಸಂಜೆ ಫೋನ್ ಮಾಡಿ, ನಮ್ಮನೇಲಿ ಮುದ್ದೆ ಮಾಡಿದೀನಿ ಬನ್ನಿ ಅನ್ನಬಹುದಿತ್ತಲ್ಲ. ಮುಂದಿನ ಭಾನುವಾರ ಕೇಳೋಣ ಅಂದುಕೊಂಡೆ. ಆಮೇಲೆ ನೆನಪಾಗಿ, ಭಾನುವಾರದವರೆಗೆ ಕಾಯದೆ ಅವಾಗಲೇ ಫೋನ್ ಮಾಡಿದೆ.