ಆಗಬಹುದಾಗಿದ್ದ ಚರಿತ್ರೆ

ಆಗಿಹೋದುದನ್ನು ಕುರಿತು "ಹಾಗಾಗದೆ ಹೀಗಾಗಿದ್ದರೆ" ಎಂದು ಚಿಂತಿಸುವುದು ಮನುಷ್ಯಸ್ವಭಾವ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ, ಬೇರೊಬ್ಬ ವೈದ್ಯನನ್ನು ಕರೆಸಿದ್ದರೆ ಉಳಿಯುತ್ತಿದ್ದರೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತನ್ನು ಕೇಳಿದ ಮಗನು ಅದನ್ನು ಎದೆಯಲ್ಲಿಟ್ಟುಕೊಂಡು ಜೀವಮಾನವೆಲ್ಲ ಕೊರಗುವುದೂ ಉಂಟು. ರಾಷ್ಟ್ರಗಳ ಚರಿತ್ರೆಯನ್ನು ಓದುವವರಲ್ಲಿಯೂ ಇದೇ ಅಭ್ಯಾಸವು ಕಾಣುತ್ತದೆ. ನಡೆಯದೆ ಹೋದುದರ ಕಲ್ಪನೆಯಿಂದ ಜ್ಞಾನವೇನಾದರೂ ಲಭಿಸುವುದೇ? ಆ ಕಲ್ಪನೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿ ಒಬ್ಬನ ಮೇಲೆ ದೋಷವನ್ನು ಹೊರಿಸುವುದು ನ್ಯಾಯವೇ? ಈ ಪ್ರಶ್ನೆಗಳನ್ನು ಪರೀಕ್ಷಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1912ರಲ್ಲಿ ನಡೆದ ಅಧ್ಯಕ್ಷಪದವಿಯ ಚುನಾವಣೆಯು ತಕ್ಕ ನಿದರ್ಶನವಾಗಿದೆ.

ಥಿಯೊಡೋರ್ ರೂಸ್‌ವೆಲ್ಟರು 1901ರಿಂದ 1909ರವರೆಗೆ ಅಧ್ಯಕ್ಷರಾಗಿದ್ದವರು. 1904ರಲ್ಲಿ ಗೆದ್ದ ರಾತ್ರಿಯೇ ಅವರು ತಾವು ಮತ್ತೊಮ್ಮೆ ಉಮೇದುವಾರರಾಗುವುದಿಲ್ಲವೆಂದು ಸಾರಿದ್ದರು. 1908ರಲ್ಲಿ ತಮ್ಮ ಮಿತ್ರರಾದ ವಿಲಿಯಂ ಟಾಫ್ಟರನ್ನು ಮುಂದೆ ಮಾಡಿ ಗೆಲ್ಲಿಸಿದರು. ಬಳಿಕ ಇಬ್ಬರಿಗೂ ಮನಸ್ತಾಪವು ಹುಟ್ಟಿತು; 1912ರಲ್ಲಿ ರೂಸ್‌ವೆಲ್ಟರು ಟಾಫ್ಟರಿಗೆ ಎದುರಾಗಿಯೇ ನಿಂತರು. ರಿಪಬ್ಲಿಕನ್ ಪಕ್ಷದ ಮತದಾರರು ನೇರವಾಗಿ ಅಭಿಪ್ರಾಯ ಕೊಟ್ಟ ರಾಜ್ಯಗಳಲ್ಲಿ ಹೆಚ್ಚಿನವು, ಟಾಫ್ಟರ ಸ್ವಂತ ರಾಜ್ಯವಾದ ಒಹಾಯೋ ಸಹ, ರೂಸ್‌ವೆಲ್ಟರ ಕಡೆಗಾದುವು. ಆದರೆ ಜೂನ್ ತಿಂಗಳಿನಲ್ಲಿ ಶಿಕಾಗೋ ನಗರದಲ್ಲಿ ಪಕ್ಷದ ಸಮ್ಮೇಳನವು ಸೇರಿದಾಗ, ವಿವಾದಕ್ಕೆ ಒಳಗಾಗಿದ್ದ 254 ಪ್ರತಿನಿಧಿಸ್ಥಾನಗಳ ಪೈಕಿ 235 ಟಾಫ್ಟರ ಪಾಲಿಗೆ ಬಂದುವು. ಇದು ಕಳವೆಂದು ಕೂಗಿ ರೂಸ್‌ವೆಲ್ಟರು ಹೊರಬಿದ್ದು, ಆಗಸ್ಟ್ ತಿಂಗಳಿನಲ್ಲಿ ಪ್ರೋಗ್ರೆಸ್ಸಿವ್ ಪಕ್ಷವೆಂಬ ಹೊಸ ಪಕ್ಷದ ಉಮೇದುವಾರರಾದರು. ಡೆಮೊಕ್ರಾಟಿಕ್ ಪಕ್ಷದಿಂದ ವುಡ್ರೋ ವಿಲ್ಸನ್ನರು ನಿಂತರು. ಸಮಾಜವಾದಿಗಳ ಪರವಾಗಿ ಯೂಜೀನ್ ಡೆಬ್ಸರೂ ಇದ್ದರು. ಆದರೆ ಗೆಲುವಿನ ಹೋರಾಟವು ಮೂವರದು.

ವಿಲ್ಸನ್ನರಿಗೆ ಸುಮಾರು 63 ಲಕ್ಷ, ರೂಸ್‌ವೆಲ್ಟರಿಗೆ 41 ಲಕ್ಷ, ಟಾಫ್ಟರಿಗೆ 35 ಲಕ್ಷ, ಡೆಬ್ಸರಿಗೆ 9 ಲಕ್ಷ ಮತಗಳು ಬಂದುವು. ಆ ದೇಶದಲ್ಲಿ ಅಧ್ಯಕ್ಷರನ್ನು ಆರಿಸುವವರು ರಾಜ್ಯರಾಜ್ಯಗಳ ನಿರ್ವಾಚಕರು. ರಾಜ್ಯದಲ್ಲಿ ಯಾರಿಗೆ ಹೆಚ್ಚು ಮತವೋ ಅಲ್ಲಿಯ ನಿರ್ವಾಚಕರು ಸಾಮಾನ್ಯವಾಗಿ ಅವರ ಪಾಲು. ಹೀಗೆ ನೂರಕ್ಕೆ 42ರಷ್ಟು ಮತವನ್ನು ಮಾತ್ರ ಪಡೆದ ವಿಲ್ಸನ್ನರಿಗೆ 531 ನಿರ್ವಾಚಕರಲ್ಲಿ 435 ಮಂದಿ ದೊರೆತರು. ರೂಸ್‌ವೆಲ್ಟರಿಗೆ 88, ಅಧಿಕಾರದಲ್ಲಿದ್ದ ಟಾಫ್ಟರಿಗೆ ಕೇವಲ 8.

ಇಲ್ಲಿಂದಲೇ ಕಲ್ಪನೆಯು ಹೊರಡುತ್ತದೆ. 41ಕ್ಕೆ 35ನ್ನು ಕೂಡಿದರೆ 76. ಅದು 63ಕ್ಕಿಂತ ಹೆಚ್ಚು. ಆದುದರಿಂದ ಇಬ್ಬರಲ್ಲಿ ಒಬ್ಬರು ಹಿಂದೆ ಸರಿದಿದ್ದರೆ ವಿಲ್ಸನ್ನರು ಸೋಲುತ್ತಿದ್ದರೆಂದು ಹಲವರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ, 1917ರಲ್ಲಿ ಅಮೆರಿಕವು ಯುದ್ಧಕ್ಕಿಳಿದುದನ್ನೂ, 1919ರ ಸಂಧಾನವನ್ನೂ ಆ ಒಂದು ಒಡಕಿಗೇ ಕಟ್ಟಿ, ಮೂರನೆಯವನಾಗಿ ನಿಂತವನನ್ನು ಹೊಗಳುವುದೂ ಉಂಟು, ತೆಗಳುವುದೂ ಉಂಟು.

ನ್ಯಾಯಶಾಸ್ತ್ರದಲ್ಲಿ ಇಂಥ ಕಲ್ಪನೆಗೆ ತರ್ಕವೆಂದು ಹೆಸರು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ಊಹಿಸಿದವನಿಗೆ ಸಂದೇಹ ತಲೆದೋರಿದರೆ, ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲವೆಂದು ಆಲೋಚಿಸಿ ಅದನ್ನು ಕಳೆದುಕೊಳ್ಳುತ್ತಾನೆ. ನಿಜವಲ್ಲದುದನ್ನು ಬುದ್ಧಿಪೂರ್ವಕವಾಗಿ ಆರೋಪಿಸಿಕೊಂಡು, ಅದರಿಂದೇನು ಬಂದೊದಗುವುದೆಂದು ನೋಡುವ ಕ್ರಮವಿದು. ಆದರೆ ಶಾಸ್ತ್ರಕಾರರು ಇದಕ್ಕೆ ಎರಡು ಕಟ್ಟುಗಳನ್ನು ಹಾಕಿದ್ದಾರೆ. ತರ್ಕವು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕ ಮಾತ್ರ ಎಂಬುದು ಒಂದು. ಹೊಗೆಗೂ ಬೆಂಕಿಗೂ ಇರುವಂತೆ ಎಂದೂ ತಪ್ಪದ ಸಂಬಂಧ, ಎಂದರೆ ವ್ಯಾಪ್ತಿ, ಇದ್ದೆಡೆಯಲ್ಲಿ ಮಾತ್ರ ಅದು ಸಾಗುವುದೆಂಬುದು ಇನ್ನೊಂದು.

ಈ ಒರೆಗಲ್ಲಿಗೆ ಹಚ್ಚಿದರೆ 1912ರ ಲೆಕ್ಕವು ಏನಾಗುತ್ತದೆ? ಸಂಖ್ಯೆಗಳಲ್ಲಿ ವ್ಯಾಪ್ತಿಯುಂಟು; 41ಕ್ಕೆ 35 ಸೇರಿದರೆ 76 ಆಗಿಯೇ ತೀರಬೇಕು. ಮನುಷ್ಯರ ಮನಸ್ಸಿನಲ್ಲಿ ಅಂಥ ವ್ಯಾಪ್ತಿಯಿಲ್ಲ. ಟಾಫ್ಟರಿಗೆ ಮತ ಕೊಟ್ಟವನು ಅವರಿಲ್ಲದಿದ್ದರೆ ರೂಸ್‌ವೆಲ್ಟರಿಗೇ ಕೊಡುತ್ತಿದ್ದನೆಂದು ಹೇಳುವುದು ಹೇಗೆ? ಅವನು ವಿಲ್ಸನ್ನರ ಕಡೆಗೆ ತಿರುಗಬಹುದಿತ್ತು, ಮನೆಯಲ್ಲಿಯೇ ಕುಳಿತಿರಲೂಬಹುದಿತ್ತು. ನಾಲ್ಕು ವರ್ಷಗಳ ಮೇಲೆ ಕಾಲವೇ ಒಂದು ಪರೀಕ್ಷೆಯನ್ನು ಒಡ್ಡಿತು. 1916ರಲ್ಲಿ ರೂಸ್‌ವೆಲ್ಟರು ಹೊಸ ಪಕ್ಷದ ಆಹ್ವಾನವನ್ನು ನಿರಾಕರಿಸಿ, ರಿಪಬ್ಲಿಕನ್ ಉಮೇದುವಾರರಾದ ಹ್ಯೂಸರನ್ನು ಬೆಂಬಲಿಸಿದರು. ಆದರೂ 277 ನಿರ್ವಾಚಕರನ್ನು ಪಡೆದು ವಿಲ್ಸನ್ನರೇ ಗೆದ್ದರು, ಹ್ಯೂಸರಿಗೆ 254. ಎರಡು ಚುನಾವಣೆಗಳ ಸಂದರ್ಭಗಳು ಒಂದೇ ಅಲ್ಲವೆಂಬುದು ನಿಜ. ಆದರೆ ಒಡಕು ಮುಚ್ಚಿದರೆ ಗೆಲುವು ನಿಶ್ಚಯವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ.

ಚರಿತ್ರೆಯ ನೂಲು ಎಷ್ಟು ಸಣ್ಣದೆಂಬುದಕ್ಕೆ ಆ ವರ್ಷದಲ್ಲಿಯೇ ಇನ್ನೊಂದು ನಿದರ್ಶನವುಂಟು. ಅಕ್ಟೋಬರ್ 14ರಂದು ಮಿಲ್ವಾಕೀ ನಗರದಲ್ಲಿ ಒಬ್ಬನು ರೂಸ್‌ವೆಲ್ಟರ ಎದೆಗೆ ಗುಂಡು ಹಾರಿಸಿದನು. ಜೇಬಿನಲ್ಲಿ ಮಡಿಸಿಟ್ಟಿದ್ದ 50 ಪುಟಗಳ ಭಾಷಣದ ಪ್ರತಿಯೂ ಕನ್ನಡಕದ ಲೋಹದ ಪೆಟ್ಟಿಗೆಯೂ ಅದರ ವೇಗವನ್ನು ತಗ್ಗಿಸಿದುವು. ಗುಂಡು ಒಳಹೊಕ್ಕಿದ್ದರೂ ಪ್ರಾಣವುಳಿಯಿತು. ಅವರು ಒಂದು ಗಂಟೆಗೂ ಮೀರಿ ಮಾತನಾಡಿದ ಬಳಿಕವೇ ಆಸ್ಪತ್ರೆಗೆ ಹೋದರು. ಭಾಷಣವು ಚಿಕ್ಕದಾಗಿದ್ದಿದ್ದರೆ ಏನಾಗುತ್ತಿತ್ತೆಂದು ಯಾರಾದರೂ ಕೇಳಬಹುದು. ಉತ್ತರ ಹೇಳಬಲ್ಲವರು ಇಲ್ಲ.

ಇನ್ನು ದೂರದ ಫಲಗಳ ಮಾತು. ಮಡಕೆಗೆ ಕುಂಬಾರನು ಕಾರಣ. ಕುಂಬಾರನ ತಂದೆಯಿಲ್ಲದಿದ್ದರೆ ಕುಂಬಾರನೂ ಇಲ್ಲ, ಮಡಕೆಯೂ ಇಲ್ಲ. ಆದರೂ ತಂದೆಯು ಮಡಕೆಗೆ ಕಾರಣನಲ್ಲ, ಅನ್ಯಥಾಸಿದ್ಧನು ಎಂದು ನೈಯಾಯಿಕರು ನಿರ್ಣಯಿಸಿದ್ದಾರೆ. ವೈಯಾಕರಣರೂ ಸ್ವತಂತ್ರನಾದವನನ್ನೇ ಕರ್ತೃವೆಂದು ಕರೆಯುತ್ತಾರೆ. ಅಧ್ಯಕ್ಷರಾದ ಬಳಿಕ ವಿಲ್ಸನ್ನರು ಮಾಡಿದುದಕ್ಕೆ ವಿಲ್ಸನ್ನರೇ ಕರ್ತೃ. 1913ರಲ್ಲಿ ಸರಕಾರಿ ಕಚೇರಿಗಳಲ್ಲಿ ಆಫ್ರಿಕನ್ ಮೂಲದ ನೌಕರರನ್ನು ಬೇರ್ಪಡಿಸುವುದಕ್ಕೆ ಅವರು ಎಡೆಗೊಟ್ಟ ಪಾಪವನ್ನಾಗಲಿ, ರಾಷ್ಟ್ರಸಂಘಕ್ಕಾಗಿ ದುಡಿದ ಪುಣ್ಯವನ್ನಾಗಲಿ ರೂಸ್‌ವೆಲ್ಟರ ಲೆಕ್ಕಕ್ಕೆ ಬರೆಯುವುದು ಕುಂಬಾರನ ತಂದೆಯಿಂದ ಮಡಕೆಯ ಬೆಲೆಯನ್ನು ವಸೂಲು ಮಾಡಿದಂತೆ.

ಹಾಗಾದರೆ ಒಡಕು ತಂದವರಿಗೆ ಯಾವ ಹೊಣೆಯೂ ಇಲ್ಲವೇ ಎಂದು ಕೇಳಬಹುದು. ಉಂಟು. ತನ್ನ ಕಾರ್ಯದಿಂದ ಸಮೀಪದಲ್ಲಿ ಏನಾಗಬಹುದೆಂದು ತಿಳಿದೂ ಮಾಡಿದವನು ಅದಕ್ಕೆ ಉತ್ತರ ಕೊಡಬೇಕು. ತಾವಿಬ್ಬರೂ ನಿಂತರೆ ವಿಲ್ಸನ್ನರಿಗೆ ಅನುಕೂಲವೆಂಬುದು ರಾಜಕಾರಣದಲ್ಲಿ ಪಳಗಿದ ಆ ಇಬ್ಬರಿಗೂ ತಿಳಿಯದ ವಿಷಯವಾಗಿರಲಿಲ್ಲ. ಗೆಲ್ಲುವ ಆಸೆಯಿಲ್ಲದಿದ್ದರೂ ನಿಲ್ಲುವುದು ತಾನಾಗಿ ದೋಷವಲ್ಲ. ಡೆಬ್ಸರಿಗೆ ಮತ ಕೊಟ್ಟ 9 ಲಕ್ಷ ಮಂದಿ ಅವರು ಗೆಲ್ಲುವರೆಂದು ನಂಬಿ ಕೊಟ್ಟವರಲ್ಲ. ಮತವು ಫಲಕ್ಕೆ ಸಾಧನವಾಗಿರುವಂತೆ ಅಂತರಂಗಕ್ಕೆ ಸಾಕ್ಷಿಯೂ ಹೌದು. ಪ್ರೋಗ್ರೆಸ್ಸಿವ್ ಪಕ್ಷವು 1912ರಲ್ಲಿ ಸ್ತ್ರೀಯರಿಗೆ ಮತಾಧಿಕಾರವನ್ನೂ, ಮುಪ್ಪು ರೋಗಗಳಿಗೆ ವಿಮೆಯನ್ನೂ ಕೇಳಿ ಸೋತಿತು. ಆದರೆ 1920ರಲ್ಲಿ ದೇಶದ ಸ್ತ್ರೀಯರಿಗೆ ಮತಾಧಿಕಾರವೂ, 1935ರಲ್ಲಿ ವೃದ್ಧರ ರಕ್ಷಣೆಗೆ ಶಾಸನವೂ ಬಂದುವು. ಸೋತವನ ಮಾತು ಸತ್ತುಹೋಗುವುದೆಂಬ ನಿಯಮವಿಲ್ಲ.

ಪ್ರಶ್ನೆಯು ಉಳಿಯುವುದು ಉದ್ದೇಶದ ವಿಷಯದಲ್ಲಿ. ಕಲ್ಪನೆಗೆ ನಿಜವಾದ ಕೆಲಸವಿರುವುದೂ ಅಲ್ಲಿಯೇ. ವಿವಾದದ ಆ 235 ಸ್ಥಾನಗಳು ತಮ್ಮ ಕಡೆಗೇ ಬಂದಿದ್ದರೆ, ರೂಸ್‌ವೆಲ್ಟರು ಆಗಲೂ ಅದನ್ನು ಕಳವೆನ್ನುತ್ತಿದ್ದರೇ? ರೂಸ್‌ವೆಲ್ಟರ ಸ್ಥಾನದಲ್ಲಿ ತಾವಿದ್ದಿದ್ದರೆ, ಟಾಫ್ಟರು ಆ ತೀರ್ಪನ್ನು ಧರ್ಮವೆಂದು ತಲೆಬಾಗಿ ಒಪ್ಪುತ್ತಿದ್ದರೇ? ಈ ಪ್ರಶ್ನೆಗಳಿಗೆ ಲೋಕದ ವ್ಯಾಪ್ತಿಜ್ಞಾನ ಬೇಕಿಲ್ಲ. ಕಪಟವಿಲ್ಲದ ಹೃದಯವು ಸಾಕು. ಹೊರಗಿನವರು ಇದಕ್ಕೆ ಉತ್ತರ ಹೇಳಲಾರರು. ಅವರಿಬ್ಬರೂ ಆ ಬೇಸಗೆಯಲ್ಲಿ ತಮ್ಮನ್ನು ತಾವೇ ಹೀಗೆ ಕೇಳಿಕೊಳ್ಳಬಹುದಾಗಿತ್ತು.

"ಹಾಗಾಗಿದ್ದರೆ" ಎಂಬ ಮಾತನ್ನು ಕಾರ್ಯವು ಮುಗಿದ ಮೇಲೆ ಪರರ ಮೇಲೆ ಪ್ರಯೋಗಿಸಿದರೆ ಅದು ಆಯುಧವಾಗುತ್ತದೆ; ಕಾರ್ಯಕ್ಕೆ ಮುಂಚೆ ತನ್ನ ಮೇಲೆಯೇ ಪ್ರಯೋಗಿಸಿಕೊಂಡರೆ ದೀಪವಾಗುತ್ತದೆ. ಬೇರೊಬ್ಬ ವೈದ್ಯನನ್ನು ಕರೆಸದೆ ಹೋದ ಮಗನಿಗೂ ಕೇಳತಕ್ಕ ಪ್ರಶ್ನೆ ಒಂದೇ: ಆ ದಿನ ತನಗೆ ತಿಳಿದಷ್ಟರಲ್ಲಿ, ತಂದೆಯ ಹಿತವನ್ನೇ ಬಯಸಿ ನಡೆದನೇ? ಹೌದೆಂದು ಅವನ ಮನಸ್ಸು ಹೇಳುವುದಾದರೆ, ನಡೆಯದ ಚರಿತ್ರೆಗಾಗಿ ಅವನನ್ನು ದಂಡಿಸುವ ಅಧಿಕಾರವು ಯಾರಿಗೂ ಇಲ್ಲ, ಅವನಿಗೂ ಇಲ್ಲ.